11 ವರ್ಷ ಆದ್ಮೇಲೂ ಹೀಗಾಗತ್ತಾ? ಮಗಳಿಗೆ ಏನಂತ ಹೇಳ್ಲಿ?

ಹಳೇಕೊಡೆ:
ಎಷ್ಟೋ ದಿನದಿಂದ ಟೈಪ್ ಮಾಡೋದು ಅಳಿಸೋದು, ಇದೇ ಆಗಿದೆ. ಇವತ್ತು ಹಾಕೇಬಿಡ್ತೀನಿ. ನಮ್ಮನೆಯವ್ರು ಆತ್ಮಹತ್ಯೆ ಮಾಡ್ಕೊಂಡು 11 ವರ್ಷ ಆಯ್ತು. ಆಗ ಅವ್ರಿಗೆ 38, ನಂಗೆ 28. ಹೋದ ತಿಂಗ್ಳು ನಂಗೆ 39 ತುಂಬ್ತು, ಅಂದ್ರೆ ಈಗ ಅವ್ರಿಗಿಂತ ನಾನೇ ದೊಡ್ಡೋಳು. ನಗು ಬರೋ ವಿಷ್ಯ ಅನ್ಸತ್ತೆ ಆದ್ರೆ ಅವತ್ತಿಂದ ನಿದ್ದೆ ಸರಿಯಾಗಿಲ್ಲ, ಫೋಟೋ ನೋಡಿದ್ರೆ ಅಯ್ಯೋ ಎಷ್ಟ್ ಚಿಕ್ಕೋರು ಇವ್ರು ಅನ್ಸತ್ತೆ. ಮಧ್ಯದಲ್ಲಿ ನಾಲ್ಕೈದು ವರ್ಷ ಆರಾಮಾಗೇ ಇದ್ದೆ ಕಣ್ರೀ, ಕೆಲ್ಸ ಮನೆ ಮಗಳು ಅಂತ.

ಇನ್ನೊಂದು. ಅವ್ರ ಪರ್ಸಲ್ಲಿ ಒಂದು ಚೀಟಿ ಇತ್ತು, ಹಲ್ಲಿನ ಡಾಕ್ಟ್ರ ಅಪಾಯಿಂಟ್‌ಮೆಂಟ್ ಕಾರ್ಡು, ಮುಂದಿನ ಗುರುವಾರ ಸಂಜೆ 5:30ಕ್ಕೆ ಅಂತ. ಅವ್ರು ಹೋಗಿದ್ದು ಸೋಮವಾರ. ಸಾಯ್ಬೇಕು ಅಂತಿದ್ದ ಮನುಷ್ಯ ಹಲ್ಲು ಯಾಕ್ರೀ ಸರಿ ಮಾಡಿಸ್ಕೊಳ್ಳಕ್ಕೆ ಹೋಗ್ತಾರೆ? ಆ ಕಾರ್ಡು ಇನ್ನೂ ನನ್ ಹತ್ರ ಇದೆ, ಮಡಚಿದ ಕಡೆ ಹರ್ದು ಟೇಪ್ ಹಾಕಿದೀನಿ. ಅವತ್ತು ಬೆಳಿಗ್ಗೆ ಗೀಸರ್ ಆಫ್ ಮಾಡಿಲ್ಲ ಅಂತ ನಾನು ರೇಗಿದ್ದೆ. ಅದೂ ಇದೆ.

ಮಗಳಿಗೆ ಈಗ 15. ಆಗ 4 ವರ್ಷದ ಮಗು, ಹಾರ್ಟ್ ಅಟ್ಯಾಕ್ ಅಂತ ಹೇಳಿದ್ದೆ, ಎಲ್ರಿಗೂ ಅದನ್ನೇ ಹೇಳ್ತಾ ಬಂದೆ. ಮೊನ್ನೆ ಸ್ಕೂಲಲ್ಲಿ ಏನೋ ಫಾರಂ ಕೊಟ್ಟಿದ್ರು, ಮನೇಲಿ ಯಾರಿಗಾದ್ರೂ ಹೃದಯದ ಕಾಯಿಲೆ ಇದ್ಯಾ ಅಂತ, ಅವ್ಳು "ಅಪ್ಪ" ಅಂತ ಬರೆದ್ಲು. ಎದೆ ಧಸಕ್ ಅಂತು. ಹೇಳ್ಬೇಕಾ? ಹೇಗೆ?

ಗಾಳಿಮಾತು22:
ಟೈಮ್ ಎಲ್ಲಾ ಸರಿ ಮಾಡತ್ತೆ ಮೇಡಂ. ಹಳೇದನ್ನ ಕೆದಕ್ಬೇಡಿ, ಆ ಕಾರ್ಡ್ ಮೊದ್ಲು ಬಿಸಾಕಿ.

ನಿದ್ದೆಗೆಟ್ಟವ:
ಬಿಸಾಕ್ಬೇಡಿ. ಮೇಲಿನವ್ರು ಒಳ್ಳೆ ಮನಸ್ಸಿಂದ್ಲೇ ಹೇಳಿರ್ಬಹುದು ಆದ್ರೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ನನ್ ಹೆಂಡ್ತಿ ಹೋಗಿ 17 ವರ್ಷ, ಅವಳೂ ಹಾಗೇ. ಅವಳು ಲೈಬ್ರರಿ ಪುಸ್ತಕ ರಿನ್ಯೂ ಮಾಡ್ಸಿದ್ಲು, ಎರಡು ದಿನ ಮುಂಚೆ. ಇದಕ್ಕೆ ಉತ್ತರ ಹುಡುಕ್ತಾ ನಾನು ವರ್ಷಗಟ್ಲೆ ಕಳ್ದೆ. ಕೊನೆಗೆ ಒಬ್ರು ಕೌನ್ಸೆಲರ್ ಹೇಳಿದ್ದು ಸ್ವಲ್ಪ ಒಳಗೆ ಇಳೀತು: ಬದುಕ್ಬೇಕು ಅನ್ನೋದೂ ಸಾಕಪ್ಪಾ ಅನ್ನೋದೂ ಒಂದೇ ತಲೇಲಿ ಒಂದೇ ದಿನ ಇರತ್ತೆ, ಒಂದು ನಿಜ ಇನ್ನೊಂದು ನಾಟಕ ಅಂತಲ್ಲ. ಆ ಅಪಾಯಿಂಟ್‌ಮೆಂಟ್ ತಗೊಂಡಾಗ ಅವ್ರು ನಿಜವಾಗ್ಲೂ ಗುರುವಾರ ಹೋಗ್ಬೇಕು ಅಂತಾನೇ ತಗೊಂಡಿದ್ರು. ಅಷ್ಟಂತೂ ನಂಬಿ.

ಗೀಸರ್ ವಿಷ್ಯ. ನೀವು ಅದೆಷ್ಟು ಸಲ ರೇಗಿರ್ತೀರಿ ಅವ್ರ ಮೇಲೆ, ಅವ್ರೆಷ್ಟು ಸಲ ನಿಮ್ಮೇಲೆ? ಉಳಿದ ದಿನದ್ದು ಯಾವ್ದೂ ನೆನಪಿಲ್ಲ ಅಲ್ವಾ. ಆಮೇಲೇನಾಯ್ತು ಅಂತ ಗೊತ್ತಿರೋದ್ರಿಂದ ಆ ಒಂದು ಬೆಳಿಗ್ಗೆ ಮಾತ್ರ ದೊಡ್ಡದಾಗಿ ಕಾಣತ್ತೆ. (ನಂಗೂ ಇಂಥದ್ದೊಂದು ಇದೆ, ಇಲ್ಲಿ ಬರೆಯಲ್ಲ.)

ಓದೋಕೂತವಳು:
ಅಕ್ಕಾ, ನಾನು ಸೈಕಾಲಜಿ ಓದ್ತಿರೋಳು ಅಷ್ಟೇ, ಡಾಕ್ಟರ್ ಅಲ್ಲ. 2022ರಲ್ಲಿ ಡಿಎಸ್ಎಂ ಅಂತ ಅಮೆರಿಕದ ಮನೋವೈದ್ಯರ ಕೈಪಿಡಿ ಇದ್ಯಲ್ಲ, ಅದರಲ್ಲಿ ದೀರ್ಘಕಾಲದ ದುಃಖವನ್ನೂ ಒಂದು ಕಾಯಿಲೆಯಾಗಿ ಸೇರ್ಸಿದ್ರು. ಆದ್ರೆ ಅದು ದೊಡ್ಡೋರಲ್ಲಿ ಒಂದು ವರ್ಷ ದಾಟಿದ ಮೇಲೂ ಹೆಚ್ಚುಕಮ್ಮಿ ದಿನಾ ಕಾಡಿ, ಬದುಕೇ ನಡೆಸಕ್ಕಾಗ್ದಂಗೆ ಮಾಡಿದ್ರೆ. ಆರಾಮಾಗಿದ್ದು, ಒಂದು ವಯಸ್ಸು ದಾಟಿದಾಗ ತಿರುಗಿ ಬಂದ್ರೆ ಅದಷ್ಟಕ್ಕೇ ಕಾಯಿಲೆ ಅನ್ನಲ್ಲ. ಸ್ಟ್ರೋಬೆ ಮತ್ತು ಶುಟ್ ಅಂತ ಇಬ್ರು ಸಂಶೋಧಕರು 1999ರಲ್ಲಿ ಬರ್ದಿದ್ದು ನಂಗಿಷ್ಟ, ದುಃಖ ಮೆಟ್ಟಿಲು ಹತ್ತಿದ ಹಾಗೆ ಮುಗಿಯಲ್ಲ, ಜೀವ ಒಮ್ಮೆ ನಷ್ಟದ ಕಡೆ ಒಮ್ಮೆ ದಿನದ ಕೆಲಸದ ಕಡೆ ತೂಗಾಡ್ತಾನೇ ಇರತ್ತೆ ಅಂತ. ಆದ್ರೂ ನಿದ್ದೆ ತಿಂಗಳಾದ್ರೂ ಸರಿಹೋಗ್ಲಿಲ್ಲ ಅಂದ್ರೆ, ಅಥವಾ ನಾನೂ ಹೋಗ್ಬಿಡ್ಲಾ ಅಂತ ಒಂದ್ಸಲ ಆದ್ರೂ ಅನ್ಸಿದ್ರೆ, ಕಾಯ್ಬೇಡಿ, ಅವತ್ತೇ ಯಾರಿಗಾದ್ರೂ ಹೇಳಿ ಡಾಕ್ಟ್ರ ಹತ್ರ ಹೋಗಿ.

ಕೊನೇಬೆಂಚು:
ನಾನು ಆ ಮಗಳ ಜಾಗದಲ್ಲಿದ್ದೋನು. ನಂಗೆ ಗೊತ್ತಾಗಿದ್ದು 19ಕ್ಕೆ, ಯಾರದೋ ಮದ್ವೆ ಮನೇಲಿ ಚಿಕ್ಕಪ್ಪ ಬಾಯ್ತಪ್ಪಿ ಅಂದಿದ್ದು. ಅಪ್ಪ ಹೇಗೆ ಹೋದ್ರು ಅನ್ನೋದಕ್ಕಿಂತ ಎಲ್ರಿಗೂ ಗೊತ್ತಿತ್ತು ನಂಗೊಬ್ನಿಗೇ ಗೊತ್ತಿರ್ಲಿಲ್ಲ ಅನ್ನೋದೇ ಜಾಸ್ತಿ ಉರೀತು, ಅಮ್ಮನ ಹತ್ರ ಎರಡು ವರ್ಷ ಸರಿಯಾಗಿ ಮಾತಾಡ್ಲಿಲ್ಲ. ಈಗ ಪಾಪ ಅನ್ಸತ್ತೆ. ನೀವೇ ಹೇಳಿ ಆಂಟಿ, ಎಲ್ಲಾ ಒಂದೇ ದಿನ ಬೇಡ. ಹೇಗೆ ಎಲ್ಲಿ ಅನ್ನೋ ವಿವರ ಅವ್ಳು ಕೇಳ್ದಷ್ಟೇ ಸಾಕು. ಅದು ಅವ್ಳಿಂದ ಆಗಿದ್ದಲ್ಲ ಅಂತ ಮಾತ್ರ ಬಾಯ್ಬಿಟ್ಟು ಹೇಳಿ, ನಾನು ನಂದೇ ತಪ್ಪಿರ್ಬೇಕು ಅಂತ ಲೆಕ್ಕ ಹಾಕಿದ್ದೆ. ಮತ್ತೆ ಸುಳ್ಳು ಯಾಕೆ ಹೇಳ್ದೆ ಅಂತ್ಲೂ ಹೇಳಿ.

ನಿದ್ದೆಗೆಟ್ಟವ:
ಅಮೆರಿಕದಲ್ಲಿ ಸೆನೆಟರ್ ಆಗಿದ್ದ ಹ್ಯಾರಿ ರೀಡ್ ಅವ್ರ ತಂದೆ 1972ರಲ್ಲಿ ಹೀಗೇ ಹೋಗಿದ್ದು, ಬಹಳ ವರ್ಷ ಅವ್ರೂ ಬಚ್ಚಿಟ್ಟಿದ್ರು. ಆಮೇಲೆ 1999ರಲ್ಲಿ ಅವ್ರೇ ನಿರ್ಣಯ ತಂದು ನಮ್ಮಂಥವ್ರಿಗೆ ಅಂತ ನವೆಂಬರ್‌ನಲ್ಲಿ ಒಂದು ಶನಿವಾರ ಇಟ್ರು. ಅಂಥ ದೊಡ್ಡ ಮನುಷ್ಯಂಗೇ ಅಷ್ಟು ಕಾಲ ಬೇಕಾಯ್ತು, ನಿಮ್ದು 11 ವರ್ಷ. ಬೈಕೋಬೇಡಿ.

ಹಳೇಕೊಡೆ:
ಎಲ್ರಿಗೂ ಥ್ಯಾಂಕ್ಸ್. ಭಾನುವಾರ ಹೇಳ್ದೆ. ಹಾರ್ಟ್ ಅಟ್ಯಾಕ್ ಅಲ್ಲ ಕಣೇ, ಅಪ್ಪಂಗೆ ಮನಸ್ಸಿಗೆ ತುಂಬಾ ಹುಷಾರಿರ್ಲಿಲ್ಲ, ಅವ್ರೇ ಜೀವ ಕಳ್ಕೊಂಡ್ರು, ನಿನ್ನಿಂದ ಅಲ್ಲ, ನಂಗೆ ಹೇಳೋ ಧೈರ್ಯ ಇರ್ಲಿಲ್ಲ ಅಂತ. ಆತ್ಮಹತ್ಯೆ ಅನ್ನೋ ಪದ ಬಾಯಿಂದ ಬರ್ಲೇ ಇಲ್ಲ, ಅದರಲ್ಲಿ ಹತ್ಯೆ ಅಂತ ಇದೆ ನೋಡಿ. ಅವ್ಳು ಹೇಗೆ ಅಂತ ಕೇಳ್ಲಿಲ್ಲ. ರೂಮಿಗೆ ಹೋಗಿ ಬಾಗ್ಲು ಹಾಕ್ಕೊಂಡ್ಲು. ರಾತ್ರಿ ಬಂದು ಪಕ್ಕದಲ್ಲಿ ಮಲ್ಕೊಂಡ್ಲು, ಆಗ ಕಾರ್ಡ್ ತೋರ್ಸಿದೆ. ತಿರುಗಿಸಿ ತಿರುಗಿಸಿ ನೋಡಿ "ಯಾವ ಹಲ್ಲು?" ಅಂದ್ಲು. ನಂಗೆ ನೆನಪೇ ಇಲ್ಲ. 11 ವರ್ಷ ಇಟ್ಕೊಂಡಿದೀನಿ, ಅದೊಂದು ಮರೆತೇಹೋಗಿದೆ. ಇಬ್ರೂ ಅತ್ವಿ ಅದಕ್ಕೆ.