ಲೆಸೊಥೊದ ನದಿ ಹತ್ತಿರದ ಸಮುದ್ರವನ್ನು ಬಿಟ್ಟು ದೂರದ ಸಮುದ್ರಕ್ಕೆ ಹರಿಯುವುದೇಕೆ?

ನಕಾಶೆಪ್ರಿಯ (ಪ್ರಶ್ನೆ):
ಸುತ್ತಲೂ ದಕ್ಷಿಣ ಆಫ್ರಿಕಾದಿಂದಲೇ ಆವರಿಸಲ್ಪಟ್ಟ ಲೆಸೊಥೊದ ಭೂಪಟವನ್ನು ನೋಡುವಾಗ ಎರಡು ಸಂಗತಿಗಳು ಅರ್ಥವಾಗಲಿಲ್ಲ. ದೇಶದ ಅತ್ಯಂತ ತಗ್ಗಿನ ಜಾಗವೂ ಸಮುದ್ರ ಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಇಷ್ಟು ಎತ್ತರದ ನೆಲ ರೂಪುಗೊಂಡದ್ದು ಹೇಗೆ? ಸೆಂಕು ನದಿ ಹುಟ್ಟುವ ಜಾಗದಿಂದ ಹಿಂದೂ ಮಹಾಸಾಗರ ಸುಮಾರು 200 ಕಿ.ಮೀ. ದೂರದಲ್ಲಿದ್ದರೂ, ಅದು ಆ ಕಡೆಗೆ ಬೆನ್ನು ತಿರುಗಿಸಿ, ಆರೆಂಜ್ ಎಂಬ ಹೆಸರಿನಲ್ಲಿ ಖಂಡವನ್ನು ಅಡ್ಡ ಹಾಯ್ದು ಅಟ್ಲಾಂಟಿಕ್ ಸೇರುವುದೇಕೆ?

ಕಲ್ಲುಬಂಡೆ:
ಎರಡಕ್ಕೂ ಉತ್ತರ ಅಲ್ಲಿನ ಕಲ್ಲಿನಲ್ಲಿಯೇ ಇದೆ. ಕೆಳಗಿರುವುದು ಮರಳುಗಲ್ಲು, ಅದರ ಮೇಲೆ, ಸುಮಾರು 18 ಕೋಟಿ ವರ್ಷಗಳ ಹಿಂದೆ, ದಕ್ಷಿಣದ ಖಂಡಗಳೆಲ್ಲ ಒಂದಾಗಿದ್ದ ಗೊಂಡ್ವಾನಾ ಭೂಖಂಡ ಒಡೆಯುವ ಮುನ್ನ ಬಿರುಕುಗಳಿಂದ ಉಕ್ಕಿ ಬಂದ ಲಾವಾ ಪದರದ ಮೇಲೆ ಪದರವಾಗಿ ಹರಡಿ, ಸಾವಿರ ಮೀಟರಿಗೂ ಹೆಚ್ಚು ದಪ್ಪದ ಬಸಾಲ್ಟ್ ಆಗಿ ಗಟ್ಟಿಯಾಯಿತು. ಬಂಡೆಯನ್ನು ಹತ್ತಿರದಿಂದ ನೋಡಿದರೆ, ಲಾವಾದೊಳಗಿನ ಅನಿಲದ ಗುಳ್ಳೆಗಳು ಬಿಟ್ಟುಹೋದ ಸಣ್ಣ ತೂತುಗಳಲ್ಲಿ ಬಿಳಿಯ ಖನಿಜ ತುಂಬಿಕೊಂಡಿರುವುದು ಕಾಣುತ್ತದೆ. ಲೆಸೊಥೊದ ಮಲೋಟಿ ಪರ್ವತಗಳು ನೆಲ ಮಡಿಚಿಕೊಂಡು ಎದ್ದವಲ್ಲ. ಎತ್ತಲ್ಪಟ್ಟ ಈ ಲಾವಾ ರಾಶಿಯನ್ನು ನದಿಗಳು ಕೊರೆದ ಮೇಲೆ ಉಳಿದ ಭಾಗಗಳು ಅವು. ಅವುಗಳಲ್ಲಿ 3,482 ಮೀಟರ್ ಎತ್ತರದ ಥಬಾನಾ ಎನ್‌ಟ್ಲೆನ್ಯಾನಾ ಎಲ್ಲಕ್ಕಿಂತ ಎತ್ತರದ ಶಿಖರ. ಆ ಹೆಸರಿನ ಅರ್ಥ ‘ಚೆಲುವಾದ ಪುಟ್ಟ ಬೆಟ್ಟ’ ಎಂಬುದು ತಮಾಷೆಯ ಸಂಗತಿ.

ಖಂಡ ಒಡೆದ ಮೇಲೆ ಪೂರ್ವದ ಹೊಸ ಕರಾವಳಿಯ ಕಡೆಯಿಂದ ಸವೆತ ಒಳನಾಡಿನತ್ತ ಸರಿಯುತ್ತ ಬಂದು, ಲೆಸೊಥೊದ ಪೂರ್ವ ಗಡಿಯ ಪರ್ವತಶ್ರೇಣಿಯಾದ ಡ್ರಾಕೆನ್ಸ್‌ಬರ್ಗ್‌ನ ಗೋಡೆಯಂಥ ಅಂಚನ್ನು ಉಳಿಸಿತು. ಆ ಅಂಚೇ ಜಲವಿಭಾಜಕ. ಅದರ ಹೊರಬದಿಗೆ ಬಿದ್ದ ಮಳೆ ಕಡಿದಾದ ಇಳಿಜಾರಿನಲ್ಲಿ ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಒಳಬದಿಯಲ್ಲಿ ನೆಲ ಪಶ್ಚಿಮಕ್ಕೆ ವಾಲಿರುವುದರಿಂದ ಸೆಂಕುವಿಗೆ ಬೇರೆ ದಾರಿಯಿಲ್ಲ.

ಹಳೆಯ ಓದುಗ:
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸಬೇಕು. ಸೆಂಕು ಆಳವಾದ ಕಣಿವೆಯಲ್ಲಿ ಹಾವಿನಂತೆ ಹೊರಳುತ್ತದೆ. ಅಂಥ ತಿರುವುಗಳು ಸಾಮಾನ್ಯವಾಗಿ ಸಮತಟ್ಟಾದ ಬಯಲಿನಲ್ಲಿ ಮೂಡುತ್ತವೆ. ಗಟ್ಟಿ ಬಂಡೆಯಲ್ಲಿ ಅವು ಕಂಡುಬಂದರೆ, ನದಿ ತನ್ನ ಹಳೆಯ ಹಾದಿಯನ್ನು ಬಿಡದೆ, ನೆಲ ಮೇಲೇಳುತ್ತಿದ್ದಂತೆ ಅಲ್ಲಿಯೇ ಕೆಳಕ್ಕೆ ಕೊರೆದಿದೆ ಎಂದು ಅರ್ಥ. ಸೆಮೊಂಕಾಂಗ್ ಬಳಿ ಮಲೆಟ್ಸುನ್ಯಾನೆ ನದಿ 192 ಮೀಟರ್ ಆಳಕ್ಕೆ ಧುಮುಕುವುದೂ ಬಸಾಲ್ಟ್‌ನ ಅಂಚಿನಿಂದಲೇ.

ನಕಾಶೆಪ್ರಿಯ:
ಇಬ್ಬರಿಗೂ ಧನ್ಯವಾದಗಳು. ಇಷ್ಟು ನೀರಿರುವ ದೇಶದಲ್ಲಿ ಹಳ್ಳಿಗಳಿಗೆ ನೀರಿನ ಕೊರತೆ ಎಂದು ಓದಿದ್ದೇನೆ. ಇದು ಹೇಗೆ ಸಾಧ್ಯ?

ಕಲ್ಲುಬಂಡೆ:
ನೀರು ಕಣಿವೆಯ ತಳದಲ್ಲಿದೆ, ಹಳ್ಳಿಗಳು ಬೆಟ್ಟದ ಮಗ್ಗುಲಲ್ಲಿವೆ. ಅವು ನಂಬಿರುವುದು ಒರತೆಗಳನ್ನು. ಇನ್ನು ಹೆಚ್ಚಿನ ಜನರು ನೆಲೆಸಿರುವುದು ಪಶ್ಚಿಮದ ಮರಳುಗಲ್ಲಿನ ತಗ್ಗು ಪ್ರದೇಶದಲ್ಲಿ. ‘ತಗ್ಗು’ ಎಂದರೂ ರಾಜಧಾನಿ ಮಸೇರು ಸುಮಾರು 1,600 ಮೀಟರ್ ಎತ್ತರದಲ್ಲಿದೆ! ಅಲ್ಲಿನ ಸಡಿಲ ಮಣ್ಣನ್ನು ಬೇಸಿಗೆಯ ಬಿರುಮಳೆ ಕೊಚ್ಚಿ ‘ಡೋಂಗಾ’ ಎಂಬ ಆಳವಾದ ಕೊರಕಲುಗಳನ್ನು ಮಾಡಿದೆ. ಪರ್ವತದ ನೀರಿನ ಒಂದು ಪಾಲು, 1986ರ ಒಪ್ಪಂದದಂತೆ, ಕಾಟ್ಸೆ ಅಣೆಕಟ್ಟಿನಿಂದ ಸುರಂಗಗಳ ಮೂಲಕ, ಪಂಪಿನ ನೆರವಿಲ್ಲದೆ, ದಕ್ಷಿಣ ಆಫ್ರಿಕಾಕ್ಕೆ ಹರಿದುಹೋಗುತ್ತದೆ.

ನನ್ನ ದೃಷ್ಟಿಯಲ್ಲಿ ಹೆಚ್ಚು ಗಮನಿಸಬೇಕಾದದ್ದು ನದಿಗಳ ತಲೆಯಲ್ಲಿರುವ ಜೌಗು ನೆಲಗಳು. ಅವು ಬೇಸಿಗೆಯ ಮಳೆಯನ್ನು ಹೀರಿಕೊಂಡು, ಜೂನ್‌ನಿಂದ ಆಗಸ್ಟ್‌ವರೆಗಿನ ಒಣ ಚಳಿಗಾಲದಲ್ಲಿ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ದನಕುರಿಗಳ ತುಳಿತಕ್ಕೆ ಹುಲ್ಲಿನ ಹೊದಿಕೆ ಹರಿದು ಒಂದು ಕಾಲುವೆ ಬಿದ್ದರೆ ಸಾಕು, ನೀರೆಲ್ಲ ಅದರಲ್ಲಿ ಬಸಿದುಹೋಗಿ ಜೌಗು ಒಣಗುತ್ತದೆ, ಮತ್ತು ಕೆಳಗಿನ ಒರತೆ ಚಳಿಗಾಲ ಮುಗಿಯುವ ಮೊದಲೇ ಬತ್ತುತ್ತದೆ.