ಕ್ವಿಜ್‌ನಲ್ಲಿ 20ಕ್ಕೆ 18 ಬರುತ್ತದೆ, ಸ್ಪ್ಯಾನಿಷ್ ಮಾತ್ರ ಬರುತ್ತಿಲ್ಲ

ತೋಟದಮನೆ_ಸೊಸೆ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆಯಿಂದಲೇ ಕೆಲಸ, ಕಸ್ಟಮರ್ ಸಪೋರ್ಟ್. ಸ್ಪ್ಯಾನಿಷ್ ಬಂದರೆ ಸಂಬಳದ ಜೊತೆ ಒಂದಿಷ್ಟು ಜಾಸ್ತಿ ಕೊಡುತ್ತಾರೆ ಅಂತ ಏಪ್ರಿಲ್‌ನಲ್ಲಿ ಕಲಿಯಲು ಶುರು ಮಾಡಿದೆ. ಆ್ಯಪ್‌ನಲ್ಲಿ ‘ಹುಡುಗ ಸೇಬು ತಿನ್ನುತ್ತಾನೆ’ ಅಂತ ಹೇಳಿ ಹೇಳಿ ಬೇಜಾರು ಬಂತು. ಆಗ ಸಿಕ್ಕಿದ್ದು ‘ಫ್ರೆಂಡ್ಸ್’ ಅನ್ನೋ ಅಮೆರಿಕದ ಇಂಗ್ಲಿಷ್ ಧಾರಾವಾಹಿ ಬಗ್ಗೆ ಸ್ಪ್ಯಾನಿಷ್‌ನಲ್ಲೇ ಪ್ರಶ್ನೆ ಕೇಳುವ ಕ್ವಿಜ್‌ಗಳು.

ಶಿವಮೊಗ್ಗದ ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಆರು ಜನ ಒತ್ತಿಕೊಂಡು ಕೂತು ಹತ್ತೂ ಸೀಸನ್ ನೋಡಿದವರು ನಾವು. 236 ಎಪಿಸೋಡ್, ಅದೂ ಎರಡು ಸಲ. ಹಾಗಾಗಿ ಕ್ವಿಜ್‌ನಲ್ಲಿ 18ಕ್ಕೆ ಕಡಿಮೆ ಬಂದದ್ದೇ ಇಲ್ಲ. ಬೀಗುತ್ತಾ ಇದ್ದೆ.

ಮೊನ್ನೆ ಜಡಿಮಳೆ, ಕರೆಂಟ್ ಇಲ್ಲ. ಒಲೆ ಮುಂದೆ ಕೂತು ಕ್ವಿಜ್ ಒತ್ತುತ್ತಿದ್ದೆ. ಅತ್ತೆ ಪಕ್ಕದಲ್ಲಿ ಹಲಸಿನ ಬೀಜ ಸುಡುತ್ತಿದ್ದರು. ‘ಎಂತ ಮಾರಾಯ್ತಿ ಅದು, ಜೋರಾಗಿ ಓದು’ ಅಂದರು. ‘ಕೊಮೊ ಸೆ ಯಾಮ ಎಲ್ ಮೋನೊ ದೆ ರೋಸ್?’ ಅಂತ ಓದಿ, ಮಾರ್ಸೆಲ್ ಅಂತ ಒತ್ತಿದೆ. ಸರಿಯುತ್ತರ. ‘ಹಂಗಾದ್ರೆ ಯಾಮ ಅಂದ್ರೆ ಎಂತ?’ ಅಂತ ಕೇಳಿದರು. ಬಾಯಿ ಕಟ್ಟಿತು. ಮೋನೊ ಅಂದರೆ ಮಂಗ ಅಂತ ಗೊತ್ತಿತ್ತು. ಧಾರಾವಾಹಿಯ ರೋಸ್ ಒಂದು ಮಂಗ ಸಾಕಿದ್ದ, ಅದರ ಹೆಸರು ಮಾರ್ಸೆಲ್. ಉಳಿದ ಮೂರು ಆಯ್ಕೆ ಗುಂಥರ್, ರಿಚರ್ಡ್, ಜಾನಿಸ್. ಮೂವರೂ ಮನುಷ್ಯರು! ನಾನು ಪ್ರಶ್ನೆಯನ್ನು ಓದಿಯೇ ಇರಲಿಲ್ಲ.

ಈಗ ನನ್ನ ಪ್ರಶ್ನೆ. ಈ ಕ್ವಿಜ್‌ನಿಂದ ಏನಾದರೂ ಕಲಿಯುತ್ತಿದ್ದೇನಾ, ಸುಮ್ನೆ ನನಗೆ ನಾನೇ ಟೋಪಿ ಹಾಕಿಕೊಳ್ಳುತ್ತಿದ್ದೇನಾ?

ಸಾಗರದ_ಮಾಣಿ

ಅಕ್ಕಾ, ನಿಮ್ಮ ಅತ್ತೆಗೆ 20ಕ್ಕೆ 20.

ಒಂದು ಮಾತು. ನಿಮ್ಮ ಕಸ್ಟಮರ್‌ಗಳು ಯಾವ ದೇಶದವರು ಅಂತ ಮೊದಲು ಕೇಳಿಕೊಳ್ಳಿ. ಫ್ರೆಂಡ್ಸ್ ಡಬ್ಬಿಂಗ್ ಸ್ಪೇನ್‌ಗೆ ಬೇರೆ, ಲ್ಯಾಟಿನ್ ಅಮೆರಿಕಕ್ಕೆ ಬೇರೆ ಇದೆ. ಕಂಪ್ಯೂಟರ್‌ಗೆ ಸ್ಪೇನ್‌ನಲ್ಲಿ ‘ಓರ್ದೆನದೋರ್’, ಮೆಕ್ಸಿಕೋದಲ್ಲಿ ‘ಕೊಂಪುತದೋರ’. ಸಪೋರ್ಟ್ ಕೆಲಸಕ್ಕೆ ಈ ಪದ ದಿನಾ ಬೇಕು ಅಲ್ವಾ?

ಹೊಸನಗರ_ಮಳೆಹುಳು

ನಾನು ಬೆಂಗಳೂರಿನಲ್ಲಿದ್ದಾಗ ಸ್ಪ್ಯಾನಿಷ್ ಎ2 ಮಟ್ಟದವರೆಗೆ, ಅಂದರೆ ಆರು ಮಟ್ಟಗಳಲ್ಲಿ ಎರಡನೆಯದರವರೆಗೆ, ಕಲಿತವಳು. ಕ್ವಿಜ್ ಬಿಡಬೇಡಿ ತಂಗಿ. ಉತ್ತರ ಮೊದಲೇ ಗೊತ್ತಿರುವುದು ನಿಮ್ಮ ಬಂಡವಾಳ. ಅದನ್ನು ಮಾರ್ಕ್ಸಿಗೆ ಖರ್ಚು ಮಾಡುತ್ತಿದ್ದೀರಿ, ಅಷ್ಟೆ.

ಮೊದಲು ಆಯ್ಕೆಗಳನ್ನು ಕೈಯಲ್ಲಿ ಮುಚ್ಚಿ. ಉತ್ತರ ಮಾರ್ಸೆಲ್ ಅಂತ ಗೊತ್ತು. ಅಂದರೆ ಕೇಳಿದ್ದು ಹೆಸರನ್ನೇ. ಹಾಗಿದ್ದರೆ ‘ಸೆ ಯಾಮ’ ಅಂದರೆ ಕರೆಯುತ್ತಾರೆ, ಹೆಸರು ಅನ್ನೋ ಅರ್ಥವೇ ಇರಬೇಕು. ಡಿಕ್ಷನರಿ ತೆಗೆಯದೇ ಸಿಕ್ಕಿತು ನೋಡಿ. ಆಮೇಲೆ ಬರೀ ಮಾರ್ಸೆಲ್ ಅನ್ನಬೇಡಿ. ‘ಎಲ್ ಮೋನೊ ದೆ ರೋಸ್ ಸೆ ಯಾಮ ಮಾರ್ಸೆಲ್’ ಅಂತ ಪೂರ್ತಿ ಹೇಳಿ. ಕೊನೆಗೆ ರೋಸ್‌ನನ್ನು ಎತ್ತಿ ಆಚೆ ಹಾಕಿ, ನಿಮ್ಮ ಮನೆಯವರನ್ನು ಕೂರಿಸಿ.

ಇನ್ನೊಂದು ವಿಷಯ. ಇಂಗ್ಲಿಷ್ ಮೂಲಕ ಕಲಿಯುತ್ತಿದ್ದೀರಿ ಅನ್ನಿಸುತ್ತದೆ, ಎಲ್ಲರೂ ಮಾಡುವ ತಪ್ಪು ಅದು. ನಾನೂ ವರ್ಷಗಟ್ಟಲೆ ಮಾಡಿದೆ. ‘ಮೆ ಗುಸ್ತಾ ಎಲ್ ಕಫೆ’ ನೋಡಿ. ನನಗೆ ಕಾಫಿ ಇಷ್ಟ. ಇಂಗ್ಲಿಷಿನವರು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ, ನಮಗೆ ಅದು ಮನೆಮಾತು. ತಲೆನೋವು ಬಂದರೂ ಅಷ್ಟೆ, ‘ಮೆ ದುಯೆಲೆ ಲಾ ಕಬೇಸ’, ನನಗೆ ತಲೆ ನೋಯುತ್ತಿದೆ. ‘ಸೆ ಮೆ ಓಲ್ಬಿದೋ’ ಅಂದರೆ ನನಗೆ ಮರೆತುಹೋಯಿತು. ತಪ್ಪು ನನ್ನದಲ್ಲ, ಅದೇ ಮರೆತುಹೋಯಿತು! ನೆಪ ಹೇಳೋದರಲ್ಲಿ ಅವರೂ ನಮ್ಮವರೇ. ನೀನು, ನೀವು ಎರಡೂ ಅವರಲ್ಲಿ ಇವೆ: ತು, ಉಸ್ತೇದ್.

ಇಂಗ್ಲಿಷಿನ ‘ಈಸ್’ಗೆ ಅವರಲ್ಲಿ ಎರಡು ಪದ. ‘ಎಸ್’ ಎಲ್ಲಿ, ‘ಎಸ್ತಾ’ ಎಲ್ಲಿ ಅಂತ ಗೊಂದಲ ಬಂದಾಗಲೂ ಕನ್ನಡಕ್ಕೆ ಬನ್ನಿ. ‘ರೋಸ್ ಮೇಷ್ಟ್ರು’, ಇಲ್ಲಿ ನಾವು ‘ಇದ್ದಾನೆ’ ಹಾಕುವುದಿಲ್ಲ. ಅಲ್ಲಿ ‘ಎಸ್’. ‘ರೋಸ್ ಕಾಫಿ ಅಂಗಡಿಯಲ್ಲಿ ಇದ್ದಾನೆ’, ಇಲ್ಲಿ ಹಾಕುತ್ತೇವೆ. ಅಲ್ಲಿ ‘ಎಸ್ತಾ’. ಎಲ್ಲ ಕಡೆ ನಡೆಯುವುದಿಲ್ಲ. ‘ಅವಳು ಎತ್ತರ ಇದ್ದಾಳೆ’ ಅನ್ನೋದಕ್ಕೆ ಅವರು ‘ಎಸ್’ ಅನ್ನುತ್ತಾರೆ. ಆದರೂ ಶುರುವಿಗೆ ಸಾಕು.

ಕಷ್ಟ ಇರುವುದು ಗಂಡು-ಹೆಣ್ಣಿನಲ್ಲಿ. ನಮ್ಮ ಮೇಜು ‘ಅದು’. ಅವರ ‘ಮೇಸ’ ಹೆಣ್ಣು. ‘ಪ್ರೊಬ್ಲೇಮ’ ಕೇಳಲು ಹೆಣ್ಣಿನ ಹಾಗಿದೆ, ಆದರೆ ಗಂಡು. ಅದಕ್ಕೆ ಬಾಯಿಪಾಠವೇ ಗತಿ.

ತೋಟದಮನೆ_ಸೊಸೆ

ಅಕ್ಕಾ, ಮೂರು ದಿನ ಮಾಡಿದೆ. ಮಾರ್ಕ್ಸ್ 18ರಿಂದ 9ಕ್ಕೆ ಇಳಿದಿದೆ. ಪೂರ್ತಿ ವಾಕ್ಯ ಬಂದರೆ ಮಾತ್ರ ಒಂದು ಅಂತ ನಾನೇ ನಿಯಮ ಮಾಡಿಕೊಂಡೆ. ‘ಕ್ವಾಂತಾಸ್ ಬೆಸೆಸ್ ಸೆ ದಿಬೋರ್ಸ್ಯೋ ರೋಸ್?’ ಅಂತ ಬಂತು. ಮೊದಲಾದರೆ ‘ದಿಬೋರ್ಸ್ಯೋ’, ‘ರೋಸ್’ ಎರಡೇ ಪದ ನೋಡಿ ಮೂರು ಅಂತ ಒತ್ತುತ್ತಿದ್ದೆ. ಈಗ ‘ಎಷ್ಟು ಸಲ’ ಅನ್ನೋದು ತಲೆಗೆ ಹೋಯಿತು. ಅತ್ತೆಗೆ ಅದರ ಅರ್ಥ ಹೇಳಿದ್ದು ತಪ್ಪಾಯಿತು. ಮೂರು ಡೈವೋರ್ಸ್ ಯಾಕಾಯಿತು ಅಂತ ರಾತ್ರಿ ಊಟದವರೆಗೂ ಕಥೆ ಹೇಳಬೇಕಾಯಿತು.

ನಮ್ಮ ಮನೆಯವರನ್ನೂ ಕೂರಿಸಿದೆ. ‘ಮಿ ಸ್ವೇಗ್ರ ಎಸ್ತಾ ಎನ್ ಲಾ ಕೊಸೀನ.’ ಅತ್ತೆ ಅಡುಗೆಮನೆಯಲ್ಲಿದ್ದಾರೆ.

ಇವತ್ತು ಬೆಳಿಗ್ಗೆ ಹಿತ್ತಲ ಬಾಳೆಗೊನೆಗೆ ಮಂಗ ಬಂದಿತ್ತು. ಕೋಲು ಹಿಡಿದು ಓಡುವಾಗ ತಾನಾಗಿ ಬಾಯಿಗೆ ಬಂತು: ‘ಎಲ್ ಮೋನೊ ಸೆ ಕೊಮ್ಯೋ ಎಲ್ ಪ್ಲಾತನೊ!’ ಸರಿ ಇದೆಯಾ?

ಹೊಸನಗರ_ಮಳೆಹುಳು

ವ್ಯಾಕರಣ ಸರಿ ಇದೆ. ಆದರೆ ‘ಲೋಸ್ ಪ್ಲಾತನೋಸ್’ ಅಂತ ಬಹುವಚನ ಮಾಡಿ. ನಮ್ಮ ಕಡೆ ಮಂಗ ಒಂದೇ ಹಣ್ಣು ತಿಂದು ಹೋದದ್ದು ನಾನಂತೂ ಕಂಡಿಲ್ಲ.