ಅಪ್‌ಡೇಟ್: ಕಂಪೈಲ್ ಆಗುತ್ತೆ, ಇನ್‌ಸ್ಟಾಲ್ ಆಗಲ್ಲ – ಕಾರಣ ಸಿಕ್ಕಿತು

ಕೇಳಿದ್ದು ಇಷ್ಟು: ಮೇವನ್ (ಜಾವಾ ಬಿಲ್ಡ್ ಟೂಲ್) ಪ್ರಾಜೆಕ್ಟಿನ ‘ಕಾಮನ್’ ಮಾಡ್ಯೂಲನ್ನು ‘ಎಪಿಐ’ ಮಾಡ್ಯೂಲ್ ಬಳಸುತ್ತೆ. ರೂಟ್‌ನಿಂದ ಕಂಪೈಲ್ ಕೊಟ್ಟರೆ ಸರಿ. ಇನ್‌ಸ್ಟಾಲ್ ಕೊಟ್ಟರೆ ಎಪಿಐನಲ್ಲಿ ‘ಪ್ಯಾಕೇಜ್ ಡಸ್ ನಾಟ್ ಎಕ್ಸಿಸ್ಟ್’ ಎಂಬ ಎರರ್.

ಮಾಡ್ಯೂಲ್‌ಗಳ ಕ್ರಮದಲ್ಲಿ ತಪ್ಪಿರಲಿಲ್ಲ. ಹೇಗೆ ಬರೆದರೂ ರಿಯಾಕ್ಟರ್ (ಮಾಡ್ಯೂಲ್‌ಗಳನ್ನು ಒಟ್ಟಿಗೆ ಬಿಲ್ಡ್ ಮಾಡುವ ಮೇವನ್ ಭಾಗ) ಡಿಪೆಂಡೆನ್ಸಿ ನೋಡಿ ತಾನೇ ಜೋಡಿಸಿಕೊಳ್ಳುತ್ತೆ. ತೊಂದರೆ ಇದ್ದದ್ದು ಜಾರ್ (ಕಂಪೈಲ್ ಆದ ಕ್ಲಾಸ್‌ಗಳ ಕಟ್ಟು) ಒಳಗೆ. ಪೇರೆಂಟ್ ಪಾಮ್‌ನಲ್ಲಿ (ಎಲ್ಲ ಮಾಡ್ಯೂಲ್‌ಗಳಿಗೂ ಅನ್ವಯಿಸುವ ಮೇವನ್ ಸೆಟ್ಟಿಂಗ್ ಫೈಲ್) ಸ್ಪ್ರಿಂಗ್ ಬೂಟ್ ಪ್ಲಗಿನ್ ರೀಪ್ಯಾಕೇಜ್ ಗೋಲ್ (ಜಾರನ್ನು ನೇರ ರನ್ ಆಗುವಂತೆ ಮತ್ತೆ ಕಟ್ಟುವ ಕೆಲಸ) ಸಮೇತ ಇದ್ದುದರಿಂದ ಕಾಮನ್ ಕೂಡ ರೀಪ್ಯಾಕೇಜ್ ಆಗುತ್ತಿತ್ತು. ಜಾರ್ ಬಿಚ್ಚಿ ನೋಡಿದರೆ ಕ್ಲಾಸ್‌ಗಳೆಲ್ಲ ‘ಬೂಟ್-ಇನ್ಫ್/ಕ್ಲಾಸಸ್’ ಕೆಳಗೆ. ಕಂಪೈಲರ್ ಅಲ್ಲಿಗೆ ಇಳಿಯುವುದೇ ಇಲ್ಲ. ಬರೀ ಕಂಪೈಲ್ ಕೊಟ್ಟಾಗ ಜಾರ್ ತಯಾರಾಗುವುದಿಲ್ಲ, ರಿಯಾಕ್ಟರ್ ‘ಟಾರ್ಗೆಟ್/ಕ್ಲಾಸಸ್’ ಫೋಲ್ಡರನ್ನೇ ಕೊಡುತ್ತೆ. ಅದಕ್ಕೇ ಅಲ್ಲಿ ತಪ್ಪು ಕಾಣಲಿಲ್ಲ. (ಕಾಮನ್‌ನಲ್ಲಿ ಮೇನ್ ಮೆಥಡ್ ಇರುವ ಕ್ಲಾಸ್ ಒಂದು ಉಳಿದಿತ್ತು. ಇಲ್ಲದಿದ್ದರೆ ‘ಮೇನ್ ಕ್ಲಾಸ್ ಸಿಗಲಿಲ್ಲ’ ಎಂದು ಬಿಲ್ಡ್ ಅಲ್ಲೇ ನಿಂತು, ಕಾರಣ ಬೇಗ ಗೊತ್ತಾಗುತ್ತಿತ್ತು.)

ಪ್ಲಗಿನ್ ಪೇರೆಂಟ್‌ನಿಂದ ತೆಗೆದು ಎಪಿಐ ಪಾಮ್‌ಗೆ ಮಾತ್ರ ಹಾಕಿದ ಮೇಲೆ ಸರಿಹೋಯಿತು. ಕಾಮನ್ ತಾನೂ ರನ್ ಆಗಬೇಕಿದ್ದರೆ ರೀಪ್ಯಾಕೇಜ್‌ಗೆ ‘ಎಕ್ಸೆಕ್’ ಕ್ಲಾಸಿಫೈಯರ್ (ಜಾರ್ ಹೆಸರಿನ ಕೊನೆಗೆ ಸೇರುವ ಗುರುತು) ಕೊಡಿ. ಸಾದಾ ಜಾರ್ ಹಾಗೇ ಉಳಿಯುತ್ತೆ. ಬದಲಾಯಿಸಿದ ಮೇಲೆ ರೂಟ್‌ನಿಂದಲೇ ಕ್ಲೀನ್ ಇನ್‌ಸ್ಟಾಲ್ ಮಾಡಿ. ಎಪಿಐ ಫೋಲ್ಡರ್ ಒಳಗಿಂದ ಬಿಲ್ಡ್ ಮಾಡಿದರೆ ಲೋಕಲ್ ರೆಪಾಸಿಟರಿಯಲ್ಲಿರುವ (ನಿಮ್ಮ ಕಂಪ್ಯೂಟರಿನಲ್ಲಿ ಮೇವನ್ ಜಾರ್‌ಗಳನ್ನು ಇಡುವ ಜಾಗ) ಹಳೇ ಜಾರ್ ಬಂದು ಅದೇ ಎರರ್ ಮತ್ತೆ ಬರುತ್ತೆ.